ಪದವಿ ತರಗತಿಯಿಂದ ಸ್ನಾತಕೋತ್ತರ ತರಗತಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಜೂನ್ ಬಂತೆಂದರೆ ಈ ಅಂಕಣಕ್ಕೆ ಉಪನ್ಯಾಸಕರ ಪತ್ರಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಬಹುಪಾಲು ಒಂದೇ ವಿಷಯ ಕುರಿತವು: ಇಷ್ಟು ವರ್ಷ ಬಿ.ಎ., ಬಿ.ಎಸ್ಸಿ. ಮಕ್ಕಳಿಗೆ ಪಾಠ ಹೇಳಿದವರು ಎಂ.ಎ., ಎಂ.ಎಸ್ಸಿ. ತರಗತಿಗೆ ಹೋಗುವುದು ಹೇಗೆ? ನಾನು ಕುಮಟಾದವಳು. ಮೊದಲು ಪದವಿ ಕಾಲೇಜಿನಲ್ಲಿ, ಆಮೇಲೆ ಸ್ನಾತಕೋತ್ತರ ವಿಭಾಗದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ. ಶಿರಸಿಯಿಂದ ಬಂದ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರ ಅರ್ಧ ಸಂಶಯಗಳು ಅದರಲ್ಲೇ ಇವೆ.

ಪ್ರಶ್ನೆ: ಮೇಡಂ, ಶಿರಸಿಯ ಅನುದಾನಿತ ಕಾಲೇಜೊಂದರಲ್ಲಿ ಒಂಬತ್ತು ವರ್ಷಗಳಿಂದ ಬಿ.ಎಸ್ಸಿ. ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು. ಕೆ-ಸೆಟ್ (ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಆಗಿದೆ, ಪಿಎಚ್.ಡಿ. ಆಗಿಲ್ಲ. ಈ ವರ್ಷ ನಮ್ಮಲ್ಲಿ ಎಂ.ಎಸ್ಸಿ. ಆರಂಭವಾಗುತ್ತಿದೆ. ಸಸ್ಯರೋಗಶಾಸ್ತ್ರ, ವರ್ಗೀಕರಣ, ಅಣುಜೀವಶಾಸ್ತ್ರ ಮೂರೂ ಪತ್ರಿಕೆಗಳನ್ನು ನೀವೇ ತೆಗೆದುಕೊಳ್ಳಿ ಎಂದು ಪ್ರಾಂಶುಪಾಲರು ಹೇಳಿದ್ದಾರೆ. ಸಂತೋಷವಾಗಿದೆ, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ. ನನಗಿಂತ ಚುರುಕಾದ ವಿದ್ಯಾರ್ಥಿ ಎದ್ದು ನಿಂತು ಏನಾದರೂ ಕೇಳಿದರೆ? ತಯಾರಿಯನ್ನು ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ, ಶಿರಸಿ

ಉತ್ತರ: ಪ್ರಾಂಶುಪಾಲರ ಕೊಠಡಿಯಿಂದ ಶುರು ಮಾಡಿ. ಮೂರು ಪತ್ರಿಕೆಗಳ ಬದಲು ಈ ವರ್ಷ ಒಂದನ್ನೇ ಕೊಡಿ ಎಂದು ಕೇಳಿ. ಬಹಳ ಹಟ ಮಾಡಿದರೆ ಒಂದೂವರೆಗೆ ಒಪ್ಪಿಕೊಳ್ಳಿ, ಅಂದರೆ ಎರಡನೆಯದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರದು ಮತ್ತು ಪ್ರಾಧ್ಯಾಪಕರದು 14 ಗಂಟೆ ಎಂದಿದೆ. ಎಂ.ಎಸ್ಸಿ.ಯ ಒಂದು ಗಂಟೆಯ ಪಾಠಕ್ಕೆ ಮೊದಲ ವರ್ಷ ಮನೆಯಲ್ಲಿ ನಾಲ್ಕೈದು ಗಂಟೆ ಓದಬೇಕಾಗುತ್ತದೆ. ಬಿ.ಎಸ್ಸಿ. ಪಾಠ, ಪ್ರಾಯೋಗಿಕ ತರಗತಿ, ಕಾಲೇಜಿನ ನ್ಯಾಕ್ ಮೌಲ್ಯಮಾಪನದ ಕಡತ, ಎನ್‌ಎಸ್‌ಎಸ್ ಶಿಬಿರ ಎಲ್ಲವೂ ಇದ್ದ ಹಾಗೇ ಇದ್ದು, ಮೇಲೆ ಮೂರು ಹೊಸ ಪತ್ರಿಕೆಗಳು ಬಂದರೆ ನೀವು ಓದುವುದು ಯಾವಾಗ? ಓದದೆ ಹೋದರೆ ಉಳಿಯುವ ದಾರಿ ಒಂದೇ, ನೀವು ಎಂ.ಎಸ್ಸಿ.ಯಲ್ಲಿ ಬರೆದುಕೊಂಡ ಹಳೆಯ ನೋಟ್ಸನ್ನು ತೆಗೆದು ಮತ್ತೆ ಬರೆಸುವುದು. ಹೊಸ ಹುದ್ದೆ ಸೃಷ್ಟಿಸದೆ ಸ್ನಾತಕೋತ್ತರ ಕೋರ್ಸ್ ತೆರೆದು, ಇರುವ ಉಪನ್ಯಾಸಕರ ಹೆಗಲಿಗೇ ಅದನ್ನೂ ಏರಿಸುವ ಪದ್ಧತಿಯನ್ನು ನಾನು ಬಹಳ ಕಡೆ ನೋಡಿದ್ದೇನೆ. ಅದು ಉಪನ್ಯಾಸಕರಿಗೆ ಮಾಡುವ ಅನ್ಯಾಯ, ಶುಲ್ಕ ಕಟ್ಟಿ ಬರುವ ಮಕ್ಕಳಿಗೆ ಮಾಡುವ ಅದಕ್ಕಿಂತ ದೊಡ್ಡ ಅನ್ಯಾಯ. ಹೇಳಬೇಕಾದವರು ನಾವು, ನಾವೇ ಹೇಳುವುದಿಲ್ಲ.

ಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಕೋರ್ಸಿಗೆ ಸಂಯೋಜನೆ ಕೊಡುವ ಮುನ್ನ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬಂದು ಪ್ರಯೋಗಾಲಯ, ಗ್ರಂಥಾಲಯ, ಬೋಧಕರ ಪಟ್ಟಿ ನೋಡಿ ಹೋಗಿರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ಪತ್ರಿಕೆಯ ಎದುರು ಇದೆ ಎಂದು ಕೇಳಿ ನೋಡಿ. ಸ್ನಾತಕೋತ್ತರ ಬೋಧನೆಗೆ ಯಾರನ್ನು ಒಪ್ಪಬೇಕು ಎಂಬುದಕ್ಕೆ ವಿಶ್ವವಿದ್ಯಾಲಯ ಹೊರಡಿಸಿದ ಸುತ್ತೋಲೆಯನ್ನು ಕಚೇರಿಯಿಂದ ಪಡೆದು ಓದಿ. ನಿಮಗೆ ವಹಿಸಿದ ಪತ್ರಿಕೆಯ ಆದೇಶದ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಮುಂದೆ ಅನುಭವ ಪ್ರಮಾಣಪತ್ರ ಬೇಕಾದಾಗ ಬಾಯಿಮಾತು ನಿಲ್ಲುವುದಿಲ್ಲ. ಇನ್ನೊಂದನ್ನು ಮನೆಯವರಿಗೂ ತಿಳಿಸಿ: ಎಂ.ಎಸ್ಸಿ.ಗೆ ಪಾಠ ಮಾಡಿದ ಮಾತ್ರಕ್ಕೆ ಹುದ್ದೆಯ ಹೆಸರೂ ಬದಲಾಗುವುದಿಲ್ಲ, ವೇತನ ಶ್ರೇಣಿಯೂ ಬದಲಾಗುವುದಿಲ್ಲ. ಬಡ್ತಿ ಬರುವುದು ಸೇವಾವಧಿ, ವಿದ್ಯಾರ್ಹತೆ, ತರಬೇತಿಗಳ ಲೆಕ್ಕದಲ್ಲಿ. ವೇತನದ ಹತ್ತನೆಯ ಹಂತದಿಂದ ಹನ್ನೊಂದನೆಯದಕ್ಕೆ ಹೋಗಲು ಪಿಎಚ್.ಡಿ. ಇದ್ದವರಿಗೆ 4 ವರ್ಷ, ಎಂ.ಫಿಲ್. ಇದ್ದವರಿಗೆ 5, ಎರಡೂ ಇಲ್ಲದವರಿಗೆ 6. ಸಹ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಬೇಕೇ ಬೇಕು.

ಒಂದು ಪತ್ರಿಕೆ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಸಸ್ಯರೋಗಶಾಸ್ತ್ರವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ನೀವು ಇರುವುದು ಶಿರಸಿಯಲ್ಲಿ. ನಿಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅಡಿಕೆ ತೋಟದ ಮನೆಗಳಿಂದ ಬರುವವರು. ಮಳೆ ಹಿಡಿಯುವ ಮುನ್ನ ಕೊನೆಗೌಡ ಮರವೇರಿ ಮದ್ದು ಹೊಡೆಯುವುದನ್ನು, ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಬಿ.ಎಸ್ಸಿ. ತರಗತಿಯಲ್ಲಿ ನೀವು ಏನು ಹೇಳುತ್ತೀರಿ? ರೋಗಕಾರಕ ಫೈಟಾಪ್ತೊರಾ ಎಂಬ ಸೂಕ್ಷ್ಮಜೀವಿ. ಕಾಯಿಯ ಮೇಲೆ ನೀರು ಕುಡಿದಂಥ ಕಲೆ, ಕಾಯಿ ಉದುರುವಿಕೆ, ಆಮೇಲೆ ಬಿಳಿಯ ಬೂಷ್ಟು. ನಿಯಂತ್ರಣಕ್ಕೆ ಶೇಕಡ 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆಗಾಲಕ್ಕೆ ಮುನ್ನ ಒಮ್ಮೆ, 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ. ಆ ವಯಸ್ಸಿಗೆ ಅದು ಸರಿಯಾದ ಪಾಠ.

ಅದೇ ವಿಷಯ ಎಂ.ಎಸ್ಸಿ.ಯಲ್ಲಿ ಬೇರೆ ಕಡೆಯಿಂದ ಶುರುವಾಗಬೇಕು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಸೇರಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಅವರ ಜಾಗದಲ್ಲಿ ನೀವಿದ್ದೀರಿ ಎಂದುಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿ. ಕೊಳೆತ ಕಾಯಿಯ ಮೇಲೆ ಹತ್ತಾರು ಬಗೆಯ ಬೂಷ್ಟು ಇರುತ್ತದೆ. ಇದರಲ್ಲಿ ರೋಗ ತಂದದ್ದು ಯಾವುದು, ಕೊಳೆತ ಮೇಲೆ ಬಂದು ಕುಳಿತದ್ದು ಯಾವುದು? ಅದನ್ನು ಸಾಬೀತು ಮಾಡಲು ಯಾವ ಯಾವ ಪ್ರಯೋಗ ಬೇಕು, ಯಾವ ಕ್ರಮದಲ್ಲಿ? ಅವರೇ ಯೋಚಿಸಿ ಫಲಕದ ಮೇಲೆ ಬರೆಯಲಿ. ಆಮೇಲೆ ಹೆಸರಿನ ಪ್ರಶ್ನೆ. ಕೋಲ್ಮನ್ ಅದನ್ನು ಫೈಟಾಪ್ತೊರಾ ಆಮ್ನಿವೋರಾದ ಒಂದು ಬಗೆ ಎಂದರು, ಮುಂದೆ ಅದು ಫೈಟಾಪ್ತೊರಾ ಅರೆಕೇ ಎಂಬ ಸ್ವತಂತ್ರ ಪ್ರಭೇದವಾಯಿತು, ನಮ್ಮ ಕಡೆಯ ಮಾದರಿಗಳನ್ನು ಪರೀಕ್ಷಿಸಿದ ನಂತರದ ಅಧ್ಯಯನಗಳು ಫೈಟಾಪ್ತೊರಾ ಮೀಡಿಯೈ ಎಂದವು. ರೋಗ ಅದೇ, ತೋಟ ಅದೇ. ಹೆಸರು ಏಕೆ ಬದಲಾಯಿತು? ಯಾವ ಲಕ್ಷಣ ನೋಡಿ ಬದಲಾಯಿಸಿದರು? ಅದಾದ ಮೇಲೆ ಇನ್ನೂ ಒಂದು ಹೆಜ್ಜೆ: ಫೈಟಾಪ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ಹತ್ತಿರದ ನೆಂಟ, ಅದರ ಕೋಶಭಿತ್ತಿಯಲ್ಲಿ ಇರುವುದು ಸೆಲ್ಯುಲೋಸ್. ಶಿಲೀಂಧ್ರಗಳ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆಯುವ ಔಷಧಿಗಳು ಇದರ ಮೇಲೆ ಕೆಲಸ ಮಾಡದಿರುವುದೇಕೆ, ಆದರೆ ತಾಮ್ರ ಕೆಲಸ ಮಾಡುವುದೇಕೆ? ಒಂದು ರೋಗದ ಮೇಲೆ ಹೀಗೆ ಎರಡು ವಾರ ನಿಂತರೆ ಪಠ್ಯಕ್ರಮ ಮುಗಿಯುವುದಿಲ್ಲ ಎಂಬ ಚಿಂತೆ ಬರುತ್ತದೆ. ಉಳಿದ ಹತ್ತು ರೋಗಗಳನ್ನು ಅವರೇ ಓದಿಕೊಂಡು ಸೆಮಿನಾರ್ ಮಾಡಲಿ. ಹೇಗೆ ಓದಬೇಕೆಂದು ಈ ಒಂದರಲ್ಲಿ ತೋರಿಸಿರುತ್ತೀರಿ.

ಚುರುಕಾದ ವಿದ್ಯಾರ್ಥಿಯ ಭಯಕ್ಕೆ ಬರುತ್ತೇನೆ. ಕೇಳುತ್ತಾನೆ, ಕೇಳಲೇಬೇಕು. ನೀವು ಉತ್ತರ ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಪ್ರಶ್ನೆಯನ್ನು ಫಲಕದ ಮೂಲೆಯಲ್ಲಿ ಬರೆದಿಡಿ, ಅಳಿಸಲು ಬಿಡಬೇಡಿ. ಮುಂದಿನ ತರಗತಿಗೆ ನೀವೂ ಹುಡುಕಿ ಬನ್ನಿ, ಅವನಿಗೂ ಹುಡುಕಿ ಬರಲು ಹೇಳಿ. ಮುಖ್ಯವಾದದ್ದು ಮುಂದಿನ ತರಗತಿಯಲ್ಲಿ ಮರೆಯದೆ ಅದನ್ನು ಎತ್ತಿಕೊಳ್ಳುವುದು. ಮಕ್ಕಳು ಮೇಷ್ಟರನ್ನು ಅಳೆಯುವುದು ಅಲ್ಲಿ. ಉತ್ತರ ಗೊತ್ತಿಲ್ಲದವರನ್ನು ಅವರು ಕ್ಷಮಿಸುತ್ತಾರೆ. ಪ್ರಶ್ನೆಯನ್ನು ಗದರಿಸಿ ಕೂರಿಸಿದವರನ್ನು ಇಪ್ಪತ್ತು ವರ್ಷ ಕಳೆದರೂ ಮರೆಯುವುದಿಲ್ಲ.

ಓದಿಗೆ ಏನು ಬೇಕು? ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಮುದ್ರಿಸಿಕೊಂಡು, ಪ್ರತಿ ಘಟಕಕ್ಕೆ ಒಂದು ಮೂಲ ಸಂಶೋಧನಾ ಲೇಖನವನ್ನು ಹುಡುಕಿ ಇಟ್ಟುಕೊಳ್ಳಿ. ನಾಲ್ಕು ಘಟಕವಾದರೆ ನಾಲ್ಕೇ ಲೇಖನ, ಆದರೆ ಕೋಷ್ಟಕ ಸಹಿತ ಪೂರ್ತಿ ಓದಿದ ನಾಲ್ಕು. ನಿಮ್ಮ ಕಾಲೇಜು ಎನ್-ಲಿಸ್ಟ್ ಎಂಬ ಇ-ಗ್ರಂಥಾಲಯದ ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರು ನಿಮಗೊಂದು ಲಾಗಿನ್ ಕೊಡುತ್ತಾರೆ. ಬಹಳ ಕಾಲೇಜುಗಳಲ್ಲಿ ಅದನ್ನು ಕೇಳುವವರೇ ಇಲ್ಲ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಊರಿನಲ್ಲೇ ಅರಣ್ಯ ಮಹಾವಿದ್ಯಾಲಯವಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿಯ ಗ್ರಂಥಾಲಯಕ್ಕೆ ಪ್ರಾಂಶುಪಾಲರಿಂದ ಒಂದು ಪತ್ರ ಒಯ್ಯಿರಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ನೋಡಿ. ಮೊದಲು ನೋಡಿದರೆ ಇಡೀ ಪಾಠ ಆ ಹತ್ತು ಪ್ರಶ್ನೆಗಳ ಆಕಾರಕ್ಕೆ ಇಳಿದುಬಿಡುತ್ತದೆ.

ನಾನು ಪದವಿ ಕಾಲೇಜು ಬಿಟ್ಟು ಹೋದಾಗ ವಿಭಾಗದ ಹಿರಿಯರೊಬ್ಬರು ಮೊದಲ ತಿಂಗಳು ತಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲು ಹೇಳಿದರು. ಗಂಟೆಯಲ್ಲಿ ಅವರು ಮಾತನಾಡುತ್ತಿದ್ದುದು ಅರ್ಧ ಗಂಟೆಯೂ ಇರಲಿಲ್ಲ. ಒಂದು ಎಲೆಯನ್ನೋ ಹೂವನ್ನೋ ಮೇಜಿನ ಮೇಲಿಟ್ಟು, ಇದು ಯಾವ ಕುಟುಂಬದ್ದಲ್ಲ ಎಂದು ಹೇಳಿ, ಏಕೆ ಅಲ್ಲ ಎಂದು ಹೇಳಿ ಎನ್ನುತ್ತಿದ್ದರು. ನಿಮಗೆ ಅಂಥ ಹಿರಿಯರು ಕಾಲೇಜಿನಲ್ಲಿ ಇಲ್ಲದಿದ್ದರೆ, ಧಾರವಾಡದಲ್ಲಿ ನಿಮಗೆ ಕಲಿಸಿದವರಿಗೆ ದೂರವಾಣಿ ಮಾಡಿ ಎರಡು ದಿನ ಅವರ ತರಗತಿಯಲ್ಲಿ ಕುಳಿತು ಬನ್ನಿ. ಶಿಷ್ಯೆ ಹಾಗೆ ಕೇಳಿದರೆ ಬೇಡ ಎನ್ನುವ ಮೇಷ್ಟರನ್ನು ನಾನು ಕಂಡಿಲ್ಲ.

ಈಗ, ಈ ಪತ್ರದಲ್ಲಿ ನೀವು ಕೇಳದೆ ಬಿಟ್ಟಿರುವ ವಿಷಯ. ಸ್ನಾತಕೋತ್ತರ ಬೋಧನೆಯ ದೊಡ್ಡ ಪಾಲು ತರಗತಿಯ ಹೊರಗಿದೆ. ಅದು ವಿದ್ಯಾರ್ಥಿಯ ಬರಹವನ್ನು ಓದುವುದು. ನಾಲ್ಕನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿಯನ್ನು ಕೊನೆಯ ವಾರದಲ್ಲಿ ಸಹಿಗೆ ತಂದು ನಿಲ್ಲಿಸುತ್ತಾರೆ, ನಾವೂ ಸಹಿ ಹಾಕಿ ಕಳಿಸುತ್ತೇವೆ. ಎರಡು ವರ್ಷದ ಕಲಿಕೆ ಅಲ್ಲಿಗೆ ಪೊಳ್ಳಾಗುತ್ತದೆ. ಮೊದಲ ಸೆಮಿಸ್ಟರಿನಿಂದಲೇ ತಿಂಗಳಿಗೆ ಒಂದು ಪುಟ ಬರೆಸಿ. ಒಂದೇ ಪುಟ. ಪೆನ್ಸಿಲ್ ಹಿಡಿದು ಓದಿ, ಈ ವಾಕ್ಯಕ್ಕೆ ಆಧಾರ ಏನು, ಇದನ್ನು ನೀನು ನೋಡಿದೆಯಾ, ಓದಿದೆಯಾ ಎಂದು ಅಂಚಿನಲ್ಲಿ ಬರೆಯಿರಿ, ತಿದ್ದಿ ಮತ್ತೆ ತರಲು ಹೇಳಿ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಂತೆ ಬೇರೆ ಬರಹಗಳೊಂದಿಗೆ ಶೇಕಡ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಯಂತ್ರ ತೋರಿಸುವ ಅಂಕಿಗಿಂತ ನಾನು ನೆಚ್ಚಿಕೊಂಡದ್ದು ಕ್ಷೇತ್ರ ಪುಸ್ತಕವನ್ನು: ದಿನಾಂಕ, ಜಾಗ, ಮಳೆ ಬಂದಿತ್ತೋ ಇಲ್ಲವೋ, ಯಾವ ಮರದ ಕೆಳಗೆ ನಿಂತು ಬರೆದದ್ದು. ಈಗ ಮೊಬೈಲಿನಲ್ಲಿ ಕೇಳಿದರೆ ಇಡೀ ವರದಿಯೇ ಬರೆದು ಬರುತ್ತದೆ. ಒದ್ದೆಯಾಗಿ ಒಣಗಿದ ಕ್ಷೇತ್ರ ಪುಸ್ತಕ ಹಾಗೆ ಬರುವುದಿಲ್ಲ.

ಪ್ರಾಜೆಕ್ಟ್ ವಿಷಯಗಳಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬರವಿಲ್ಲ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳು. ತೋಟಿಗರ ಸೊಪ್ಪಿನ ಬೆಟ್ಟಗಳಿವೆ. ಕೊಳೆಯ ಜೊತೆಗೆ ಈಗ ಎಲೆಚುಕ್ಕೆ ರೋಗ ಸೇರಿಕೊಂಡಿದೆ. ಘಟ್ಟ ಇಳಿದರೆ ಅಘನಾಶಿನಿಯ ಅಳಿವೆ, 4,801 ಹೆಕ್ಟೇರ್, 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಇದೆ, ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತವಿದೆ. ಗಜನಿ ಬೇಸಾಯದ ಮನೆಯಿಂದ ಬಂದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಒಂದು ವರ್ಷ ಬಾಯಿ ಬಿಟ್ಟವಳಲ್ಲ. ಸಸ್ಯಗಳು ಉಪ್ಪನ್ನು ತಾಳಿಕೊಳ್ಳುವ ಬಗೆಯ ಪಾಠ ಬಂದ ದಿನ, ಪುಸ್ತಕದಲ್ಲಿ ಹೇಳಿದ ಹಾಗೆ ಉಪ್ಪು ಇಡೀ ಗದ್ದೆಯಲ್ಲಿ ಒಂದೇ ಸಮ ಇರುವುದಿಲ್ಲ, ತೂಬಿನ ಹತ್ತಿರ ಒಂದು ಥರ, ಒಡ್ಡಿನ ಬುಡದಲ್ಲಿ ಒಂದು ಥರ, ಮಳೆ ಜೋರಾದ ಮೇಲೆ ಮತ್ತೊಂದು ಥರ ಎಂದಳು. ನಾನು ಪಾಠ ನಿಲ್ಲಿಸಿ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ. ಗದ್ದೆಯ ನಕ್ಷೆ ಬಿಡಿಸಿ ತೋರಿಸಿದಳು. ಅವಳ ಪ್ರಾಜೆಕ್ಟ್ ಅಲ್ಲೇ ಹುಟ್ಟಿತು. ನಿಮ್ಮ ತರಗತಿಯಲ್ಲಿಯೂ ಅಂಥವರು ಇದ್ದಾರೆ, ಬನವಾಸಿ ಬಸ್ಸಿನಲ್ಲಿ ಬರುವವರು, ಯಲ್ಲಾಪುರ ಬಸ್ಸಿನಲ್ಲಿ ಬರುವವರು. ಬಿ.ಎಸ್ಸಿ.ಯಲ್ಲಿ ನೀವೇ ಕಲಿಸಿದ ಮಕ್ಕಳೂ ಇರುತ್ತಾರೆ. ಅವರ ಹಳೆಯ ಅಂಕಪಟ್ಟಿಯನ್ನು ಮನಸ್ಸಿನಿಂದ ತೆಗೆದುಹಾಕಿ ಹೊಸಬರಂತೆ ಕಾಣಿ.

ಮತ್ತು ಬಿ.ಎಸ್ಸಿ. ತರಗತಿಯನ್ನು ಪೂರ್ತಿ ಬಿಟ್ಟುಕೊಡಬೇಡಿ. ಎಂ.ಎಸ್ಸಿ.ಗೆ ಬರುವ ಮಕ್ಕಳು ತಯಾರಾಗುವುದು ಅಲ್ಲಿಯೇ, ಆ ತಯಾರಿ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ಕಾರವಾರದಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ವಯಸ್ಸು 31, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಗಿದೆ. ಸ್ನಾತಕೋತ್ತರ ವಿಭಾಗಕ್ಕೆ ಸೇರಲು ಪಿಎಚ್.ಡಿ. ಕಡ್ಡಾಯ ಎಂದು ಕೆಲವರು, ಬೇಡ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಕೆಲಸ ಮಾಡುತ್ತಲೇ ಪಿಎಚ್.ಡಿ. ಮಾಡಬಹುದೇ?
— ಓದುಗ, ಕಾರವಾರ

ಉತ್ತರ: ಇಬ್ಬರೂ ಒಂದೊಂದು ಕಾಲದ ನಿಯಮ ಹೇಳುತ್ತಿದ್ದಾರೆ. 2018ರ ಯುಜಿಸಿ ನಿಯಮಾವಳಿ, ವಿಶ್ವವಿದ್ಯಾಲಯದ ವಿಭಾಗಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2021ರ ಜುಲೈ 1ರಿಂದ ಪಿಎಚ್.ಡಿ. ಕಡ್ಡಾಯ ಎಂದಿತ್ತು. ಅದನ್ನು 2023ರ ಜುಲೈವರೆಗೆ ಮುಂದೂಡಿದರು. ಜಾರಿಗೆ ಬರುವ ಹೊತ್ತಿಗೆ ತಿದ್ದುಪಡಿ ಬಂತು: ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕ ಬೇಕು, ಮೀಸಲಾತಿಯವರಿಗೆ ಶೇಕಡ 5 ಸಡಿಲಿಕೆ ಇದೆ. ಅಂದರೆ ನೀವು ಈಗಲೇ ಅರ್ಜಿ ಹಾಕಲು ಅರ್ಹರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ನೇಮಕಾತಿ ಬೇರೆ, ವಿಶ್ವವಿದ್ಯಾಲಯಗಳು ತಮ್ಮ ವಿಭಾಗಗಳಿಗೆ ಮಾಡಿಕೊಳ್ಳುವ ನೇಮಕಾತಿ ಬೇರೆ. ಎರಡರ ಅಧಿಸೂಚನೆಗಳನ್ನೂ ಗಮನಿಸುತ್ತಿರಿ.

ಆದರೂ ಪಿಎಚ್.ಡಿ. ಮಾಡಿ. ಅರ್ಜಿ ಹಾಕುವ ಹತ್ತು ಮಂದಿಯಲ್ಲಿ ಅದು ಇದ್ದವರೇ ಹೆಚ್ಚಿರುತ್ತಾರೆ ಎಂಬುದು ಒಂದು ಕಾರಣ. ಸಂಶೋಧನೆ ಮಾಡದವರು ಸಂಶೋಧನೆ ಮಾಡಿಸುವುದು ಕಷ್ಟ ಎಂಬುದು ನನಗೆ ಮುಖ್ಯವಾದ ಕಾರಣ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳು ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಡುತ್ತವೆ. ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ದೂರಶಿಕ್ಷಣ ಮತ್ತು ಆನ್‌ಲೈನ್ ಪಿಎಚ್.ಡಿ.ಗೆ ಅವಕಾಶವಿಲ್ಲ, ಹಣ ಕಟ್ಟಿ ಮೋಸಹೋಗಬೇಡಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ; ಮಹಿಳೆಯರಿಗೆ ಇನ್ನೂ 2 ವರ್ಷಗಳ ಸಡಿಲಿಕೆ ಇದೆ. ಎಂ.ಫಿಲ್. ಈಗ ಇಲ್ಲ.

ಮಾರ್ಗದರ್ಶಕರನ್ನು ಹುಡುಕುವಾಗ ಅವರ ಬಳಿ ಜಾಗ ಖಾಲಿ ಇದೆಯೇ ಕೇಳಿ. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಹೆಸರು ನೋಡಿ ಹೋಗುವ ಬದಲು, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು ಎಂದು ವಿಚಾರಿಸಿ. ವಿಷಯವನ್ನು ಕಾರವಾರದಲ್ಲೇ ಹುಡುಕಿಕೊಳ್ಳಿ: ಮೀನು ಮಾರುಕಟ್ಟೆಯ ಹೆಂಗಸರ ಸಾಲ, ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟ ಕುಟುಂಬಗಳ ಇಂದಿನ ಜೀವನ. ಪಾಠ ಮುಗಿಸಿ ಸಂಜೆ ನಡೆದು ಹೋಗಿ ಮಾತಾಡಿಸಿ ಬರುವಷ್ಟು ಹತ್ತಿರ ಇದ್ದರೆ ಕೆಲಸದ ಜೊತೆಗೆ ಸಂಶೋಧನೆ ಸಾಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ನಿಮ್ಮ ಊರಿನ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲೇ ಇರುವುದರ ಲಾಭ ಅಲ್ಲಿಯ ವಿದ್ಯಾರ್ಥಿಗಳಿಗೆ ಗೊತ್ತು.

ಲೇಖನ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಳಿಸಿ ಎನ್ನುವ ಸಂದೇಶಗಳಿಗೆ ಓಗೊಡಬೇಡಿ. ಒಪ್ಪಿತ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿದೆ, ಆದ್ದರಿಂದ ಒಳ್ಳೆಯದು ಯಾವುದು ಎಂದು ನೀವೇ ಪರಿಶೀಲಿಸಬೇಕು. ಪ್ರತಿ ವರ್ಷದ ಅತಿಥಿ ಉಪನ್ಯಾಸಕ ಆದೇಶವನ್ನು, ಎಷ್ಟು ಗಂಟೆ ಯಾವ ಪತ್ರಿಕೆ ಎಂಬ ಪ್ರಮಾಣಪತ್ರವನ್ನು ಆಯಾ ವರ್ಷವೇ ಪಡೆಯಿರಿ. ವರ್ಷಗಟ್ಟಲೆ ಅತಿಥಿಗಳಿಂದಲೇ ತರಗತಿ ನಡೆಸಿ, ಅವರಿಗೆ ರಜೆಯ ತಿಂಗಳ ಗೌರವಧನವನ್ನೂ ಕೊಡದಿರುವ ವ್ಯವಸ್ಥೆಯಲ್ಲಿ ನಿಮ್ಮ ದಾಖಲೆಯನ್ನು ನೀವೇ ಕಾಯಬೇಕು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನಾನು ಎಂ.ಎ. ಮೊದಲ ವರ್ಷದ ವಿದ್ಯಾರ್ಥಿ. ಹೊಸದಾಗಿ ಬಂದ ಸರ್ ಒಳ್ಳೆಯವರು, ಆದರೆ ಗಂಟೆಯುದ್ದಕ್ಕೂ ನೋಟ್ಸ್ ಬರೆಸುತ್ತಾರೆ. ಚರ್ಚೆ ಬೇಕು ಎಂದು ಹೇಗೆ ಹೇಳುವುದು? ಐ.ಎ. (ಆಂತರಿಕ ಮೌಲ್ಯಮಾಪನ) ಅಂಕ ಅವರ ಕೈಯಲ್ಲಿದೆ.
— ವಿದ್ಯಾರ್ಥಿ, ಹೊನ್ನಾವರ

ಉತ್ತರ: ತಮ್ಮಾ, ಅವರು ಬಹುಶಃ ಪದವಿ ತರಗತಿಯಲ್ಲಿ ನೂರು ಮಕ್ಕಳನ್ನು ಸಂಭಾಳಿಸಿ ಬಂದವರು. ಅಲ್ಲಿ ಬರೆಸದಿದ್ದರೆ ತರಗತಿ ನಿಲ್ಲುವುದಿಲ್ಲ. ತರಗತಿಯಲ್ಲಿ ಎದ್ದು ದೂರಬೇಡ. ಮುಂದಿನ ವಾರದ ವಿಷಯವನ್ನು ಮೊದಲೇ ಓದಿಕೊಂಡು, ಸಿಬ್ಬಂದಿ ಕೊಠಡಿಗೆ ಹೋಗಿ ಒಂದೇ ಒಂದು ಪ್ರಶ್ನೆ ಕೇಳು. ಓದಿದ ಪುಸ್ತಕ ಕೈಯಲ್ಲಿರಲಿ. ಎರಡನೆಯ ವಾರ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗು. ಸರ್, ನೋಟ್ಸನ್ನು ಮೊದಲೇ ಪ್ರತಿ ಮಾಡಿ ಕೊಟ್ಟರೆ ತರಗತಿಯಲ್ಲಿ ಇದನ್ನು ಮಾತಾಡಬಹುದೇ ಎಂದು ಆಗ ಕೇಳು. ಪ್ರಶ್ನೆ ಕೇಳುವ ಮಕ್ಕಳು ಇದ್ದಾರೆ ಎಂದು ಗೊತ್ತಾದರೆ ಹೊಸ ಮೇಷ್ಟರಿಗೆ ಆಗುವ ಸಮಾಧಾನ ಎಷ್ಟೆಂದು ನಿನಗೆ ಗೊತ್ತಿಲ್ಲ.

ಪ್ರಶ್ನೆ: ಎಂ.ಎ. ಇತಿಹಾಸಕ್ಕೆ ಈ ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆಕರ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ, ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಸಾರಾಂಶ ಹೇಳಿಬಿಡಲೇ?
— ಉಪನ್ಯಾಸಕ, ಅಂಕೋಲಾ

ಉತ್ತರ: ಸಾರಾಂಶ ಹೇಳಿದರೆ ಅವರು ಕೊನೆಯವರೆಗೂ ನಿಮ್ಮ ಬಾಯಿಂದಲೇ ಓದುತ್ತಾರೆ. ವಾರಕ್ಕೆ ಒಂದು ಪುಟ ಇಂಗ್ಲಿಷ್ ತೆಗೆದುಕೊಂಡು ತರಗತಿಯಲ್ಲೇ ಸಾಲು ಸಾಲಾಗಿ ಓದಿಸಿ, ಚರ್ಚೆ ಕನ್ನಡದಲ್ಲೇ ನಡೆಯಲಿ. ಮೊದಲ ತಿಂಗಳು ಒಂದು ಪುಟಕ್ಕೆ ಇಡೀ ಗಂಟೆ ಬೇಕಾಗುತ್ತದೆ, ಡಿಸೆಂಬರ್ ಹೊತ್ತಿಗೆ ಮೂರು ಪುಟ ಓದುತ್ತಾರೆ. ಪುಟವನ್ನು ಮಾತ್ರ ಅವರಿಗೆ ಹತ್ತಿರವಾದ ವಿಷಯದಿಂದ ಆರಿಸಿ. ನೀವು ಅಂಕೋಲೆಯಲ್ಲಿದ್ದೀರಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು, ಸಿದ್ದಾಪುರದೊಂದಿಗೆ ಸೇರಿ ಕರನಿರಾಕರಣೆ ನಡೆಸಿದ ತಾಲ್ಲೂಕು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಆದ್ದರಿಂದ ಆ ಕಾಲದ ಸರ್ಕಾರಿ ಕಾಗದಗಳನ್ನು ಬೆಂಗಳೂರಿನಲ್ಲಿ ಹುಡುಕುವ ಬದಲು ಮುಂಬಯಿಯ ಪತ್ರಾಗಾರದಲ್ಲಿ ಹುಡುಕಬೇಕು. ಅಂಥ ಒಂದು ಕಾಗದದ ಪ್ರತಿಯನ್ನು ಮೇಜಿನ ಮೇಲಿಡಿ. ಅದರಲ್ಲಿ ಜಪ್ತಿಯಾದ ಮನೆಗಳ ಊರಿನ ಹೆಸರು ಕಂಡಾಗ, ನಿಘಂಟು ಹಿಡಿದು ಉಳಿದದ್ದನ್ನು ಓದುವ ಹಟ ಮಕ್ಕಳಿಗೆ ತಾನಾಗಿ ಬರುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದವರು ಕೇಳಿ ಬರೆದುಕೊಂಡು ಬರಲಿ, ಕಾಗದ ಹೇಳುವುದಕ್ಕೂ ಅಜ್ಜಿ ಹೇಳುವುದಕ್ಕೂ ಎಲ್ಲಿ ಹೊಂದುವುದಿಲ್ಲ ಎಂದು ಗುರುತು ಹಾಕಲಿ.

ಪ್ರಶ್ನೆ: ನನಗೆ 54. ಮೂವತ್ತು ವರ್ಷ ಪದವಿ ತರಗತಿಯಲ್ಲೇ ಕಳೆದೆ. ಈಗ ಪಿಎಚ್.ಡಿ. ಮಾಡಿ ಸ್ನಾತಕೋತ್ತರ ತರಗತಿಗೆ ಹೋಗುವುದರಲ್ಲಿ ಅರ್ಥವಿದೆಯೇ?
— ಓದುಗ, ಭಟ್ಕಳ

ಉತ್ತರ: ಪಿಎಚ್.ಡಿ. ಮಾಡಲು ವಯಸ್ಸಿನ ಅಡ್ಡಿ ಇಲ್ಲ. ಮಾರ್ಗದರ್ಶಕರಾಗುವ ಆಸೆಯಿಂದ ಮಾಡುವುದಾದರೆ ಲೆಕ್ಕ ಹಾಕಿ ನೋಡಿ: ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ಸಂಶೋಧನಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಆ ದಾರಿ ನಿಮಗೆ ಬಹುತೇಕ ಮುಚ್ಚಿದೆ. ತರಗತಿಗೆ ಹೋಗುವ ದಾರಿ ತೆರೆದೇ ಇದೆ. ನಿಮ್ಮ ಕಾಲೇಜಿನಲ್ಲಿ ಅಥವಾ ಹತ್ತಿರದಲ್ಲಿ ಸ್ನಾತಕೋತ್ತರ ಕೋರ್ಸ್ ಇದ್ದರೆ ಒಂದು ಪತ್ರಿಕೆ ಕೇಳಿ, ಅದೂ ಆಗದಿದ್ದರೆ ಇಬ್ಬರು ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ ಎಂದು ವಿಭಾಗದ ಮುಖ್ಯಸ್ಥರಿಗೆ ಬರೆದು ಕೊಡಿ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನಿಮಗೆ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಹೊಸ ಪಿಎಚ್.ಡಿ. ಪಡೆದು ಬಂದವರಿಗಿಂತ ಚೆನ್ನಾಗಿ ಗೊತ್ತಿದೆ. ಈ ವರ್ಷದ ಪ್ರಾಜೆಕ್ಟ್ ಹಂಚಿಕೆ ಆಗುವುದಕ್ಕೆ ಮೊದಲೇ ಆ ಪತ್ರವನ್ನು ಕೊಟ್ಟುಬಿಡಿ.